ದಿನಾ ಮುತ್ತು ಹಾಕಿಕೊಳ್ಳುವವರಿಗೆ: ಮುತ್ತು ಮಂಕಾಗದಂತೆ, ದಾರ ಕಿತ್ತುಹೋಗದಂತೆ ನೋಡಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಮುತ್ತಿನ ವಿಷಯದಲ್ಲಿ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಓದುಗರು ಮತ್ತೆ ಮತ್ತೆ ಕೇಳುವುದು ಎರಡೇ ಪ್ರಶ್ನೆ. ತಂದಾಗ ಕಳೆಕಳೆಯಾಗಿದ್ದ ಸರ ವರ್ಷ ತುಂಬುವುದರೊಳಗೆ ಮಂಕಾಗಿದೆ, ಏನು ಮಾಡುವುದು? ಪೋಣಿಸಿಕೊಂಡು ಬಂದ ಸರ ಮತ್ತೆ ಕಿತ್ತುಹೋಯಿತು, ಯಾಕೆ? ಇದಕ್ಕೆ ಹೆದರಿ ಬಹಳ ಜನ ಮುತ್ತನ್ನು ಬೀರುವಿನಲ್ಲಿಟ್ಟು, ಮದುವೆ ಮುಂಜಿಗೆ ಮಾತ್ರ ತೆಗೆಯುತ್ತಾರೆ.

ಅಷ್ಟು ಹೆದರಬೇಕಿಲ್ಲ. ಹಾಕಿಕೊಳ್ಳುವುದರಿಂದ ಮುತ್ತು ಕೆಡುವುದಿಲ್ಲ. ಕ್ರಮ ತಪ್ಪಿದರೆ ಕೆಡುತ್ತದೆ. ಕ್ರೀಮಿಗೆ ಮೊದಲು ಹಾಕಿಕೊಂಡೆವೋ ನಂತರ ಹಾಕಿಕೊಂಡೆವೋ, ಅಡುಗೆಗೆ ನಿಲ್ಲುವ ಮುಂಚೆ ತೆಗೆದೆವೋ ಇಲ್ಲವೋ, ರಾತ್ರಿ ಒರೆಸಿ ಇಟ್ಟೆವೋ ಹಾಗೇ ಇಟ್ಟೆವೋ, ಎಲ್ಲ ಇರುವುದು ಅಲ್ಲಿ. ಅದಕ್ಕೇ ಇಲ್ಲಿ ಕ್ರಮದ ಬಗ್ಗೆಯೇ ಜಾಸ್ತಿ ಹೇಳಿದ್ದೇನೆ.

ಒಂದು ಮಾತು ಮೊದಲೇ ಮನಸ್ಸಿನಲ್ಲಿರಲಿ. ಮುತ್ತು ಕಲ್ಲಲ್ಲ. ಚಿಪ್ಪಿನೊಳಗಿನ ಜೀವಿ ಪದರದ ಮೇಲೆ ಪದರ ಕಟ್ಟಿ ಮಾಡಿದ್ದು. ಅದರಲ್ಲಿ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಪದರಗಳನ್ನು ಹಿಡಿದಿಡಲು ಅಂಟಿನಂಥ ಪ್ರೋಟೀನ್ ಇದೆ, ಸ್ವಲ್ಪ ನೀರಿನಂಶವೂ ಇದೆ. ಸುಣ್ಣದಕಲ್ಲೂ ಕ್ಯಾಲ್ಸಿಯಂ ಕಾರ್ಬೊನೇಟೇ, ಹುಳಿ ಬಿದ್ದರೆ ಅದು ಕರಗುತ್ತದೆ. ಮುತ್ತೂ ಹಾಗೇ ಕರಗುತ್ತದೆ. ಇನ್ನು ಗಡಸುತನ. ಮೋಸ್ ಅಳತೆಯಲ್ಲಿ ವಜ್ರಕ್ಕೆ 10, ಮುತ್ತಿಗೆ ಬರೀ 2.5ರಿಂದ 4.5. ನಮ್ಮ ರಸ್ತೆಯ ಧೂಳಿನಲ್ಲಿರುವ ಬೆಣಚುಕಲ್ಲಿನ ಪುಡಿಗೆ 7. ಅಂದರೆ ಧೂಳೇ ಮುತ್ತಿನ ಮೇಲೆ ಗೀರು ಎಳೆಯುತ್ತದೆ. ಹುಳಿ, ಗೀರು, ಬಿಸಿ, ಈ ಮೂರರಿಂದ ಕಾಪಾಡಿದರೆ ಮುಕ್ಕಾಲು ಕೆಲಸ ಮುಗಿದಂತೆ.

## ಮೊದಲು ಜೋಡಿಸಿಕೊಳ್ಳಬೇಕಾದ ಸಾಮಾನು

ದುಬಾರಿ ಸಾಮಾನು ಏನೂ ಬೇಡ. ತೊಳೆದು ತೊಳೆದು ಮೆತ್ತಗಾದ ಹಳೆ ಪಂಚೆಯ ಎರಡು ತುಂಡು ಸಾಕು. ಒಂದು ಒದ್ದೆ ಮಾಡಿ ಒರೆಸಲು, ಇನ್ನೊಂದು ಒಣಗಿಸಲು. ಕನ್ನಡಕ ಒರೆಸುವ ಬಟ್ಟೆಯೂ ಆಗುತ್ತದೆ. ಪ್ರತಿ ಒಡವೆಗೂ ಬೇರೆ ಬೇರೆ ಬಟ್ಟೆ ಚೀಲ ಇರಲಿ. ಮಕ್ಕಳಿಗೆ ಹಾಕುವ ಶಾಂಪೂ ಸ್ವಲ್ಪ, ಕುಡಿಯುವ ನೀರು, ಒಂದು ಚಿಕ್ಕ ಬಟ್ಟಲು, ದಪ್ಪ ಟವೆಲ್. ಜೊತೆಗೆ ಒಂದು ಚಿಕ್ಕ ಪುಸ್ತಕ. ಸರ ಯಾವತ್ತು ಪೋಣಿಸಿದ್ದು, ಅದರಲ್ಲಿ ಎಷ್ಟು ಮುತ್ತಿವೆ ಅಂತ ಅದರಲ್ಲಿ ಬರೆದಿಡಿ. ಅದು ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ.

ಬ್ರಷ್ ಬೇಡ. ಯಾವ ಪುಡಿಯೂ ಬೇಡ.

## ಹಂತ 1: ನಿಮ್ಮ ಹತ್ತಿರ ಇರುವುದು ಯಾವ ಮುತ್ತು?

ಇದನ್ನು ತಿಳಿಯದೆ ಮುಂದೆ ಹೋಗಬೇಡಿ. ಒಂದಕ್ಕೆ ತಡೆಯುವುದು ಇನ್ನೊಂದಕ್ಕೆ ತಡೆಯುವುದಿಲ್ಲ.

ಹಗಲು ಬೆಳಕಿನಲ್ಲಿ ಕಿಟಕಿ ಹತ್ತಿರ ಕೂತು, ಎರಡು ಮುತ್ತುಗಳನ್ನು ಒಂದಕ್ಕೊಂದು ಬಹಳ ಮೆಲ್ಲಗೆ ಉಜ್ಜಿ. ನಿಜವಾದ ಮುತ್ತಾದರೆ ನುಣ್ಣನೆ ಮರಳು ಸಿಕ್ಕಂತೆ ತರತರ ಅನ್ನುತ್ತದೆ. ನಕಲಿಯಾದರೆ ಸುಮ್ನೆ ಜಾರುತ್ತದೆ. ಆಮೇಲೆ ಮುತ್ತಿನ ತೂತಿನ ಅಂಚು ನೋಡಿ. ನಕಲಿ ಮುತ್ತೆಂದರೆ ಗಾಜಿನ ಅಥವಾ ಪ್ಲಾಸ್ಟಿಕ್ ಮಣಿಯ ಮೇಲೆ ಹೊಳಪಿನ ಲೇಪ. ತೂತಿನ ಹತ್ತಿರ ಆ ಲೇಪ ಸಿಪ್ಪೆಯಂತೆ ಎದ್ದಿರುತ್ತದೆ. ಬೆಂಕಿಗೆ ಹಿಡಿದು ನೋಡುವುದು, ಕಾದ ಸೂಜಿ ತಾಗಿಸುವುದು ಮಾತ್ರ ಬೇಡ. ಅದರಿಂದ ಒಳ್ಳೆಯ ಮುತ್ತೇ ಹಾಳಾಗುತ್ತದೆ.

ನಿಜವಾದ ಮುತ್ತಿನಲ್ಲೂ ವ್ಯತ್ಯಾಸವಿದೆ. ಹೈದರಾಬಾದಿನಿಂದ ತಂದದ್ದು ಅಂತ ಹೇಳುವ ಸರಗಳಲ್ಲಿ ಈಗ ಹೆಚ್ಚಿನವು ಚೀನಾದಲ್ಲಿ ಸಿಹಿನೀರಿನಲ್ಲಿ ಬೆಳೆಸಿದ ಮುತ್ತುಗಳು. ಹೈದರಾಬಾದ್ ಅವುಗಳನ್ನು ವಿಂಗಡಿಸಿ, ತೂತು ಹಾಕಿ, ಪೋಣಿಸಿ ಮಾರುವ ಊರು. ಈ ಸಿಹಿನೀರಿನ ಮುತ್ತಿನೊಳಗೆ ಸಾಮಾನ್ಯವಾಗಿ ಬೇರೆ ಮಣಿ ಇರುವುದಿಲ್ಲ, ಒಳಗಿನವರೆಗೂ ಮುತ್ತಿನ ಪದರವೇ. ಹಾಗಾಗಿ ದಿನಬಳಕೆಗೆ ಇದು ಒಳ್ಳೆಯದು. ಸಮುದ್ರದಲ್ಲಿ ಬೆಳೆಸುವ ಅಕೋಯಾ ಎನ್ನುವ ಮುತ್ತಿನೊಳಗೆ ಚಿಪ್ಪಿನಿಂದ ಕಡೆದ ಗುಂಡುಮಣಿ ಇರುತ್ತದೆ, ಮೇಲೆ ತೆಳ್ಳನೆಯ ಪದರ. ಆ ಪದರ ಒಮ್ಮೆ ಸವೆದರೆ ಒಳಗಿನ ಮಣಿ ಕಾಣಿಸುತ್ತದೆ. ಅದನ್ನು ಜಾಸ್ತಿ ಜೋಪಾನವಾಗಿ ಹಾಕಿಕೊಳ್ಳಬೇಕು. ಅಜ್ಜಿಯ ಕಾಲದ್ದು, ಬಸ್ರಾ ಮುತ್ತು (ಪರ್ಷಿಯನ್ ಕೊಲ್ಲಿಯಲ್ಲಿ ತಾನಾಗಿ ಬೆಳೆದ ಮುತ್ತು) ಅಂತ ಮನೆಯಲ್ಲಿ ಹೇಳುತ್ತಾ ಬಂದಿದ್ದರೆ, ಮೊದಲು ಬಲ್ಲವರಿಗೆ ತೋರಿಸಿ. ಅಲ್ಲಿಯವರೆಗೆ ದಿನಾ ಹಾಕಿಕೊಳ್ಳಬೇಡಿ.

ನಕಲಿಯಾದರೂ ಇಲ್ಲಿರುವ ಕ್ರಮವೇ ಅನ್ವಯಿಸುತ್ತದೆ. ಅದರ ಲೇಪ ಸೆಂಟಿಗೆ, ಬೆವರಿಗೆ ಇನ್ನೂ ಬೇಗ ಏಳುತ್ತದೆ.

## ಹಂತ 2: ದಿನಕ್ಕೆ ಯಾವ ಒಡವೆ ಆರಿಸಬೇಕು?

ಓಲೆ ಮತ್ತು ಪದಕ ಎಲ್ಲಕ್ಕಿಂತ ಕ್ಷೇಮ. ಎಲ್ಲೂ ತಗಲುವುದಿಲ್ಲ. ಸರವೂ ಪರವಾಗಿಲ್ಲ, ದಾರದ ಮೇಲೆ ಕಣ್ಣಿಟ್ಟರೆ ಸಾಕು. ಮೂಗುಬೊಟ್ಟಿನ ಮುತ್ತಿಗೆ ದಿನಾ ಮುಖ ತೊಳೆಯುವ ಸೋಪು ತಾಗುತ್ತದೆ, ಆದ್ದರಿಂದ ಅದು ಬೇಗ ಮಂಕಾಗುತ್ತದೆ.

ಉಂಗುರ, ಬಳೆ ದಿನಬಳಕೆಗೆ ಬೇಡ. ಕೈ ಎಲ್ಲಿಗೆ ಹೋದರೂ ಮುತ್ತು ಹೋಗುತ್ತದೆ. ಬಸ್ಸಿನ ಕಂಬಿ, ಪಾತ್ರೆ ತೊಳೆಯುವ ಸೋಪು, ಸ್ಯಾನಿಟೈಸರ್, ಗಾಡಿಯ ಹ್ಯಾಂಡಲ್, ಒಂದೊಂದೂ ಮುತ್ತಿಗೆ ಪೆಟ್ಟು ಕೊಡುತ್ತದೆ. ಹಬ್ಬಕ್ಕೆ, ಆರತಿಗೆ ಹಾಕಿಕೊಂಡು ಮನೆಗೆ ಬಂದ ತಕ್ಷಣ ತೆಗೆದಿಡಿ.

## ಹಂತ 3: ಬೆಳಗಿನ ಕ್ರಮ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ಪಾಲಿಸುತ್ತೀರಿ ಅಂದರೆ ಇದನ್ನು ಪಾಲಿಸಿ. ಮುತ್ತು ಎಲ್ಲಕ್ಕಿಂತ ಕೊನೆಗೆ ಮೈಮೇಲೆ ಬರಬೇಕು, ಎಲ್ಲಕ್ಕಿಂತ ಮೊದಲು ಮೈಮೇಲಿಂದ ಇಳಿಯಬೇಕು.

ಮೊದಲು ಸ್ನಾನ. ಆಮೇಲೆ ತಲೆಗೆ ಎಣ್ಣೆ, ಬಾಚಣಿಗೆ, ಜಡೆ. ಆಮೇಲೆ ಮುಖಕ್ಕೆ, ಕತ್ತಿಗೆ ಕ್ರೀಮು, ಪೌಡರ್. ಬಿಸಿಲಿಗೆ ಹಚ್ಚುವ ಕ್ರೀಮೂ ಈಗಲೇ. ಆಮೇಲೆ ಸೀರೆ ಅಥವಾ ಚೂಡಿದಾರ್, ಸೆರಗಿನ ಪಿನ್ನು. ಸೆಂಟು ಹಾಕುವುದಾದರೆ ಬಟ್ಟೆಗೆ ಹಾಕಿ, ಕತ್ತಿಗೆ ಬೇಡ. ಹೂ ಮುಡಿಯುವುದೂ ಈಗ. ಇಷ್ಟೆಲ್ಲ ಆದ ಮೇಲೆ ಹತ್ತು ನಿಮಿಷ ಬಿಡಿ. ಮಕ್ಕಳ ಡಬ್ಬಿ ಕಟ್ಟಿ, ಬ್ಯಾಗು ಸರಿಮಾಡಿಕೊಳ್ಳಿ. ಕ್ರೀಮು ಚರ್ಮಕ್ಕೆ ಇಳಿದಿರುತ್ತದೆ, ಸೆಂಟು ಆರಿರುತ್ತದೆ. ಕೈ ತೊಳೆದು ಒರೆಸಿಕೊಂಡು ಈಗ ಮುತ್ತು ಹಾಕಿಕೊಳ್ಳಿ.

ಯಾಕೆ ಇಷ್ಟು ಕಟ್ಟುನಿಟ್ಟು ಅಂದರೆ, ಸೆಂಟಿನಲ್ಲಿ, ತಲೆಗೆ ಹೊಡೆಯುವ ಸ್ಪ್ರೇಯಲ್ಲಿ ಇರುವ ಸ್ಪಿರಿಟ್ಟು ಮುತ್ತಿನ ಮೇಲ್ಮೈಯನ್ನು ಒಣಗಿಸುತ್ತದೆ. ಕ್ರೀಮು, ಎಣ್ಣೆ ಮುತ್ತುಗಳ ನಡುವಿನ ದಾರದ ಗಂಟುಗಳೊಳಗೆ ಇಳಿದು ಧೂಳನ್ನು ಹಿಡಿದುಕೊಳ್ಳುತ್ತವೆ. ಹಾಗೆ ಜಿಡ್ಡು, ಧೂಳು ಸೇರಿದ ದಾರ ಮುತ್ತಿನ ತೂತನ್ನೇ ಒಳಗಿನಿಂದ ತಿಕ್ಕತೊಡಗುತ್ತದೆ. ದಾರ ಕಿತ್ತುಹೋಗುವುದಕ್ಕೆ ಬಹಳ ಸಲ ಇದೇ ಕಾರಣ.

ಹಾಕಿಕೊಳ್ಳುವಾಗ ಕೊಂಡಿಯನ್ನು ಹಿಡಿಯಿರಿ, ಮುತ್ತನ್ನು ಹಿಡಿದು ಎಳೆಯಬೇಡಿ. ಕನ್ನಡಿ ಮುಂದೆ ಕೊಂಡಿ ಹಾಕಿದ ಮೇಲೆ ಸರವನ್ನು ಜಗ್ಗಿ ಹಿಂದಕ್ಕೆ ತಿರುಗಿಸುವ ಅಭ್ಯಾಸ ಇದ್ದರೆ ಬಿಡಿ. ದಾರ ಮೊದಲು ಸವೆಯುವುದು ಕೊಂಡಿಯ ಪಕ್ಕದ ಮೊದಲ ಎರಡು ಮೂರು ಮುತ್ತುಗಳ ಹತ್ತಿರ. ತಿರುಗಿಸಿದಾಗ ಪೂರ್ತಿ ಎಳೆತ ಅಲ್ಲಿಗೇ ಬೀಳುತ್ತದೆ.

ಚಿನ್ನದ ಚೈನಿನ ಜೊತೆ ಹಾಕಿಕೊಳ್ಳುವವರು ಎರಡರ ಉದ್ದ ಬೇರೆ ಬೇರೆ ಇರುವಂತೆ ನೋಡಿಕೊಳ್ಳಿ. ಒಂದೇ ಉದ್ದವಿದ್ದರೆ ದಿನವಿಡೀ ಚೈನಿನ ಕೊಂಡಿಗಳು ಮುತ್ತಿಗೆ ಉಜ್ಜುತ್ತಿರುತ್ತವೆ.

## ಹಂತ 4: ಯಾವಾಗ ತೆಗೆದಿಡಬೇಕು?

ನಮ್ಮ ಮೂರೂ ಜಿಲ್ಲೆಗಳ ಮನೆಗೆಲಸದಲ್ಲಿ ಹುಳಿ ಜಾಸ್ತಿ. ಬೇರೆ ಊರಿನವರು ಬರೆದ ಸಲಹೆಗಳಲ್ಲಿ ಇದು ಸಿಗುವುದಿಲ್ಲ, ಆದ್ದರಿಂದ ಬಿಡಿಸಿ ಹೇಳುತ್ತೇನೆ.

ತುಮಕೂರು ಕಡೆ ಬೇಸಿಗೆಯಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಾರೆ. ಆ ಅಂಟು ಕೈಯಲ್ಲೇ ಓಲೆ ಸರಿಮಾಡಿಕೊಂಡರೆ ಹುಳಿ ನೇರವಾಗಿ ಮುತ್ತಿನ ಮೇಲೆ ಕೂರುತ್ತದೆ. ಬಸ್ಸಾರಿಗೆ ಹುಣಸೆಹಣ್ಣು ಕಿವುಚುವಾಗಲೂ ಅಷ್ಟೇ. ಕೋಲಾರದ ಕಡೆ ಟೊಮೆಟೊ ಕಿತ್ತು ಕ್ರೇಟಿಗೆ ತುಂಬುವವರು ಕೆಲಸಕ್ಕೆ ಇಳಿಯುವ ಮೊದಲೇ ಮುತ್ತು ತೆಗೆದಿಡಿ. ಟೊಮೆಟೊ ರಸ ಹುಳಿ, ಗಿಡದ ಹಸಿರು ಅಂಟೂ ಕೈಗೆ ಮೆತ್ತುತ್ತದೆ. ಶ್ರೀನಿವಾಸಪುರದ ಮಾವಿನ ಕಾಲದಲ್ಲಿ ಸೊನೆಯ ಬಗ್ಗೆ ಎಚ್ಚರ. ಚರ್ಮವನ್ನೇ ಸುಡುವ ಸೊನೆ ಮುತ್ತನ್ನು ಬಿಡುತ್ತದಾ? ಉಪ್ಪಿನಕಾಯಿಗೆ ನಿಂಬೆಹಣ್ಣು ಹೆಚ್ಚುವ ದಿನವಂತೂ ಮುತ್ತು ಅಡುಗೆಮನೆಗೇ ಬರಬಾರದು.

ಚಿಕ್ಕಬಳ್ಳಾಪುರದಲ್ಲಿ ಸೇವಂತಿಗೆ, ಗುಲಾಬಿ, ದ್ರಾಕ್ಷಿ ತೋಟದವರು ಔಷಧಿ ಹೊಡೆಯುವ ದಿನ ಮುತ್ತನ್ನು ಮನೆಯಲ್ಲೇ ಬಿಟ್ಟು ಹೋಗಿ. ಕಲ್ಲು ಕ್ರಷರ್ ಇರುವ ರಸ್ತೆಯಲ್ಲಿ ಗಾಡಿಯಲ್ಲಿ ಓಡಾಡುವವರು ಸರವನ್ನು ರವಿಕೆಯೊಳಗೆ ಅಥವಾ ದುಪಟ್ಟಾದ ಕೆಳಗೆ ಇಟ್ಟುಕೊಳ್ಳಿ.

ಇವಲ್ಲದೆ ಸ್ನಾನ, ಈಜು, ಜೋರು ಬೆವರು ಬರುವ ಕೆಲಸ, ತಲೆಗೆ ಬಣ್ಣ ಹಚ್ಚುವುದು, ಬ್ಯೂಟಿ ಪಾರ್ಲರ್, ಫಿನಾಯಿಲು ಬ್ಲೀಚು ಹಾಕಿ ಮನೆ ಒರೆಸುವುದು, ಬೆಳ್ಳಿ ಸಾಮಾನು ತೊಳೆಯುವುದು, ನಿದ್ದೆ. ತೆಗೆಯದ ತಾಳಿ ಸರದ ಮಾತು ಹಂತ 7ರಲ್ಲಿದೆ, ಅದು ಬಿಟ್ಟರೆ ಈ ಪಟ್ಟಿಗೆ ವಿನಾಯಿತಿ ಇಲ್ಲ. ಬೆಳ್ಳಿ ಅದ್ದುವ ದ್ರವದ ಒಂದು ಹನಿ ಮುತ್ತಿಗೆ ಬಿದ್ದರೂ ಆ ಜಾಗ ಕೆಟ್ಟಂತೆಯೇ.

ಮದುವೆಯಲ್ಲಿ ಇನ್ನೊಂದು ತಪ್ಪು ನಡೆಯುತ್ತದೆ. ನೀರು ಚಿಮುಕಿಸಿದ ದಪ್ಪ ಹಾರ ಗಂಟೆಗಟ್ಟಲೆ ಮುತ್ತಿನ ಸರದ ಮೇಲೆ ಕೂತಿರುತ್ತದೆ. ಹೂವಿನ ಬಣ್ಣ ಒದ್ದೆ ದಾರಕ್ಕೆ ಇಳಿಯುತ್ತದೆ. ಫೋಟೋ ಆದ ಮೇಲೆ ಹಾರ ತೆಗೆದು, ಕತ್ತನ್ನೂ ಸರವನ್ನೂ ಒರೆಸಿಕೊಳ್ಳಿ.

ತೆಗೆದದ್ದನ್ನು ಎಲ್ಲಿಡಬೇಕು ಅನ್ನುವುದೂ ಮುಖ್ಯ. ಒಲೆಯ ಪಕ್ಕದ ಕಟ್ಟೆ, ಸ್ಕೂಟರಿನ ಡಿಕ್ಕಿ, ಬಿಸಿಲಿಗೆ ನಿಂತ ಕಾರು, ಮೂರೂ ಬೇಡ. ಪಾವಗಡದ ಏಪ್ರಿಲ್ ಬಿಸಿಲಿನಲ್ಲಿ ಮುಚ್ಚಿದ ಡಿಕ್ಕಿ ಎಷ್ಟು ಕಾಯುತ್ತದೆ ಅಂತ ಆ ಕಡೆಯವರಿಗೆ ಹೇಳಬೇಕಿಲ್ಲ. ಅಷ್ಟು ಬಿಸಿಗೆ ಮುತ್ತಿನ ನೀರಿನಂಶ ಹೋಗಿ, ಕೂದಲೆಳೆಯಂಥ ಬಿರುಕು ಬರಬಹುದು. ಬ್ಯಾಗಿನಲ್ಲಿ ಬಟ್ಟೆ ಚೀಲ ಇಟ್ಟುಕೊಂಡು ಅದರಲ್ಲೇ ಹಾಕಿ.

## ಹಂತ 5: ರಾತ್ರಿ ಒರೆಸುವುದು

ಕೆಲಸದಿಂದ ಬಂದು ಕೈಕಾಲು ತೊಳೆಯುವ ಮುಂಚೆ ಮುತ್ತು ಇಳಿಸಿ. ಒಂದು ಬಟ್ಟೆಯನ್ನು ಕುಡಿಯುವ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿ. ನೀರು ತೊಟ್ಟಿಕ್ಕಬಾರದು. ಸರವನ್ನು ಟವೆಲಿನ ಮೇಲೆ ಉದ್ದಕ್ಕೆ ಹರಡಿ, ಒಂದೊಂದೇ ಮುತ್ತನ್ನು ಬಟ್ಟೆಯಲ್ಲಿ ಹಿಡಿದು ಮೆಲ್ಲಗೆ ಸುತ್ತಿಸಿ ಒರೆಸಿ. ಕತ್ತಿನ ಹಿಂದೆ ಕೂರುವ ಮುತ್ತುಗಳಿಗೆ ಬೆವರು ಜಾಸ್ತಿ. ಅಲ್ಲಿ ಎರಡು ಸಲ ಒರೆಸಿ. ಆಮೇಲೆ ಒಣ ಬಟ್ಟೆಯಿಂದ ಇನ್ನೊಮ್ಮೆ.

ಒಣ ಬಟ್ಟೆಯಿಂದಲೇ ಶುರು ಮಾಡಬೇಡಿ. ಮೇಲೆ ಕೂತ ಧೂಳನ್ನು ಮುತ್ತಿನ ಮೇಲೆ ಎಳೆದಂತಾಗಿ ಗೀರು ಬೀಳುತ್ತದೆ. ಮೊದಲು ಒದ್ದೆ, ಆಮೇಲೆ ಒಣ. ಬಟ್ಟೆ ವಾರಕ್ಕೊಮ್ಮೆ ಒಗೆಯಿರಿ.

## ಹಂತ 6: ತೊಳೆಯುವುದು

ದಿನಾ ಒರೆಸಿದರೆ ತೊಳೆಯುವ ಅಗತ್ಯ ಅಪರೂಪ. ಬೇಸಿಗೆ ಮುಗಿದ ಮೇಲೆ ಒಮ್ಮೆ, ಹಬ್ಬಗಳ ಸಾಲು ಮುಗಿದ ಮೇಲೆ ಒಮ್ಮೆ ಸಾಕು.

1. ಬೋರ್‌ವೆಲ್ ನೀರು ಬೇಡ. ನಮ್ಮ ಕಡೆಯ ಬೋರ್‌ ನೀರು ಗಡಸು. ಒಣಗಿದ ಮೇಲೆ ಬಕೆಟ್ಟಿನ ಅಂಚಿನಲ್ಲಿ ಬಿಳಿ ಪೊರೆ ಕಟ್ಟುತ್ತದಲ್ಲ, ಅದೇ ಪೊರೆ ಮುತ್ತಿನ ಗಂಟಿನಲ್ಲೂ ಕಟ್ಟುತ್ತದೆ. ಊರಿನ ನೀರಿನ ಘಟಕದಿಂದ ಕ್ಯಾನಿನಲ್ಲಿ ತರುವ ನೀರೇ ಇದಕ್ಕೂ ಸರಿ.

2. ಒಂದು ಬಟ್ಟಲು ಉಗುರುಬೆಚ್ಚಗಿನ ನೀರಿಗೆ ಮಕ್ಕಳ ಶಾಂಪೂ ಎರಡೇ ಹನಿ ಹಾಕಿ ಕಲಸಿ.

3. ದಾರದ ಸರವನ್ನು ಬಟ್ಟಲಲ್ಲಿ ಮುಳುಗಿಸಬೇಡಿ. ಬಟ್ಟೆಯನ್ನು ಆ ನೀರಿನಲ್ಲಿ ಅದ್ದಿ ಹಿಂಡಿ, ಹಂತ 5ರಂತೆ ಒರೆಸಿ. ಅಂಟಿನಿಂದ ಕೂರಿಸಿದ ಓಲೆ, ಮೂಗುಬೊಟ್ಟೂ ಅಷ್ಟೇ. ನೆನೆದರೆ ಅಂಟು ಬಿಡುತ್ತದೆ.

4. ಬರೀ ನೀರಿನ ಬಟ್ಟೆಯಿಂದ ಎರಡು ಸಲ ಒರೆಸಿ, ಸೋಪಿನಂಶ ಉಳಿಯಬಾರದು.

5. ಒಣ ಟವೆಲಿನ ಮೇಲೆ ನೇರವಾಗಿ ಮಲಗಿಸಿ ರಾತ್ರಿಯಿಡೀ ಬಿಡಿ. ನೆರಳಿನಲ್ಲೇ ಒಣಗಲಿ. ಬಿಸಿಲು, ತಲೆ ಒಣಗಿಸುವ ಡ್ರೈಯರು ಬೇಡ.

ಐದನೆಯದರಲ್ಲಿ ಅವಸರಪಟ್ಟು ಕೆಡಿಸಿಕೊಳ್ಳುವವರೇ ಜಾಸ್ತಿ. ಒದ್ದೆ ರೇಷ್ಮೆ ದಾರ ಎಳೆದರೆ ಹಿಗ್ಗುತ್ತದೆ, ಮತ್ತೆ ಮೊದಲಿನಂತೆ ಕುಗ್ಗುವುದಿಲ್ಲ. ಬೆಳಿಗ್ಗೆ ತೊಳೆದು ಮಧ್ಯಾಹ್ನದ ಆರತಕ್ಷತೆಗೆ ಹಾಕಿಕೊಂಡು ಹೋದರೆ, ಮುತ್ತಿನ ಭಾರಕ್ಕೇ ದಾರ ಜೋತುಬೀಳುತ್ತದೆ. ಮೊಳೆಗೆ ತೂಗುಹಾಕಿ ಒಣಗಿಸಿದರೂ ಅದೇ ಗತಿ.

### ತೊಳೆಯಲು ಇವನ್ನು ಬಳಸಲೇಬೇಡಿ

ನಿಂಬೆಹಣ್ಣು, ಹುಣಸೆಹಣ್ಣು, ವಿನಿಗರ್: ಮುತ್ತನ್ನೇ ತಿನ್ನುತ್ತವೆ. ಉಜ್ಜಿದ ತಕ್ಷಣ ಬೆಳ್ಳಗಾಗಿ ಕಾಣುತ್ತದೆ, ಅದಕ್ಕೇ ಜನ ಮೋಸಹೋಗುತ್ತಾರೆ. ಹಾಗೆ ಬೆಳ್ಳಗಾಗಿದ್ದು ಮೇಲಿನ ಹೊಳಪಿನ ಪದರ ಹೋಗಿದ್ದರಿಂದ. ಟೂತ್‌ಪೇಸ್ಟು, ಅಡುಗೆ ಸೋಡಾ, ಪಾತ್ರೆ ಉಜ್ಜುವ ಪುಡಿ ಗೀರು ಹಾಕುತ್ತವೆ. ಅಂಟುವಾಳದ ಕಾಯಿ ಚಿನ್ನಕ್ಕೆ ಬಹಳ ಒಳ್ಳೆಯದು, ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ಬಳಸಿದ್ದೇವೆ. ಆದರೆ ಅದರ ನೀರು ಸ್ವಲ್ಪ ಹುಳಿಯ ಗುಣದ್ದು. ಮುತ್ತಿಗೆ ನಾನು ಬೇಡ ಅಂತಲೇ ಹೇಳುತ್ತೇನೆ. ಕೊಬ್ಬರಿ ಎಣ್ಣೆ ಸವರಿ ಹೊಳಪು ಬರಿಸುವುದೂ ಬೇಡ. ಎರಡು ದಿನ ಹೊಳೆಯುತ್ತದೆ, ಆಮೇಲೆ ದಾರವೆಲ್ಲ ಜಿಡ್ಡು. ಒಡವೆ ಅಂಗಡಿಯಲ್ಲಿ ನೀರು ನಡುಗಿಸಿ ತೊಳೆಯುವ ಅಲ್ಟ್ರಾಸೋನಿಕ್ ಯಂತ್ರಕ್ಕೆ, ಹಬೆಗೆ ಮುತ್ತು ಕೊಡಬೇಡಿ. ಪುಕ್ಕಟೆ ಮಾಡಿಕೊಡುತ್ತೇವೆ ಅಂದರೂ ಬೇಡ.

## ಹಂತ 7: ತಾಳಿಯಲ್ಲಿರುವ ಮುತ್ತು, ಹವಳ

ತಾಳಿ ಸರ ತೆಗೆಯುವುದಿಲ್ಲ, ಕರಿಮಣಿಯ ನಡುವೆ ಮುತ್ತು ಹವಳ ಇದೆ, ಏನು ಮಾಡುವುದು ಅಂತ ಕೇಳುವವರು ಬಹಳ ಮಂದಿ. ತೆಗೆಯಿರಿ ಅಂತ ನಾನು ಹೇಳುವುದಿಲ್ಲ. ತೆಗೆಯದೆಯೇ ಮಾಡಬಹುದಾದದ್ದು ಇಷ್ಟಿದೆ.

ಸ್ನಾನದ ಕೊನೆಯಲ್ಲಿ ಸರದ ಮೇಲೆ ಬರೀ ನೀರು ಧಾರಾಳವಾಗಿ ಹಾಕಿ, ಸೋಪಿನ ಜಾರು ಹೋಗಬೇಕು. ಮೈ ಒರೆಸಿಕೊಂಡ ಮೇಲೆ ಮುತ್ತು, ಹವಳವನ್ನು ಪ್ರತ್ಯೇಕವಾಗಿ ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒಣಗಿಸಿ. ಎಣ್ಣೆಸ್ನಾನದ ದಿನ ಸರವನ್ನು ಸಣ್ಣ ಬಟ್ಟೆಯಲ್ಲಿ ಸುತ್ತಿ ಹಿಂದಕ್ಕೆ ಹಾಕಿಕೊಳ್ಳಿ. ಪೂಜೆಯಲ್ಲಿ ಅರಿಶಿನ ಕುಂಕುಮವನ್ನು ತಾಳಿಬೊಟ್ಟಿಗೆ ಮಾತ್ರ ಹಚ್ಚಿ, ಮಣಿಗಳಿಗೆ ಮೆತ್ತಬೇಡಿ. ಅರಿಶಿನದ ಬಣ್ಣ ಮುತ್ತಿನ ತೂತಿನೊಳಕ್ಕೆ ಇಳಿದರೆ ಹೊರಗೆ ಬರುವುದಿಲ್ಲ. ಹವಳವೂ ಕ್ಯಾಲ್ಸಿಯಂ ಕಾರ್ಬೊನೇಟೇ, ಅದಕ್ಕೂ ಇದೇ ಜೋಪಾನ.

ಹೊಸದಾಗಿ ಮಾಡಿಸುವವರು ತಾಳಿ ಸರದ ಮುತ್ತನ್ನು ದಾರಕ್ಕೆ ಪೋಣಿಸಬೇಡಿ, ಚಿನ್ನದ ತಂತಿಯಲ್ಲಿ ಕಟ್ಟಿಸಿ. ದಿನಾ ನೆನೆಯುವ ಸರದಲ್ಲಿ ದಾರ ಹೆಚ್ಚು ದಿನ ಉಳಿಯುವುದಿಲ್ಲ. ಚಿಕ್ಕ, ಒಳ್ಳೆಯ ಸಿಹಿನೀರಿನ ಮುತ್ತು ಸಾಕು.

## ಹಂತ 8: ಎಲ್ಲಿ, ಹೇಗೆ ಇಡಬೇಕು?

ಸರವನ್ನು ಮಲಗಿಸಿ ಇಡಿ, ತೂಗುಹಾಕಬೇಡಿ. ಕೊಂಡಿ ಹಾಕಿಟ್ಟರೆ ಸಿಕ್ಕಾಗುವುದಿಲ್ಲ. ಬಟ್ಟೆ ಚೀಲದಲ್ಲಿ ಒಂದೊಂದು ಒಡವೆ. ಚಿನ್ನದ ಬಳೆ, ಕಲ್ಲಿನ ಓಲೆಗಳ ಜೊತೆ ಒಂದೇ ಡಬ್ಬಿಯಲ್ಲಿ ಕಲೆಸಿಟ್ಟರೆ ಒಂದು ತಿಂಗಳಿಗೇ ಗೀರು.

ಒಡವೆ ಅಂಗಡಿಯ ಜಿಪ್ ಇರುವ ಪ್ಲಾಸ್ಟಿಕ್ ಕವರು ತರುವುದಕ್ಕೆ ಮಾತ್ರ. ಅದರಲ್ಲೇ ವರ್ಷಗಟ್ಟಲೆ ಬಿಡಬೇಡಿ. ನುಸಿಗುಳಿಗೆ ಇಟ್ಟ ಸೀರೆಯ ಅರೆಯೂ ಬೇಡ. ನಮ್ಮದು ಬಯಲುಸೀಮೆ, ಜನವರಿಯಿಂದ ಮಳೆ ಬೀಳುವವರೆಗೆ ಗಾಳಿಯೇ ಒಣ. ತೇವ ಹೀರುವ ಪುಟ್ಟ ಪೊಟ್ಟಣಗಳನ್ನು ಮುತ್ತಿನ ಜೊತೆ ಇಡಬೇಡಿ, ಅವು ಇನ್ನಷ್ಟು ಒಣಗಿಸುತ್ತವೆ. ಬ್ಯಾಂಕಿನ ಲಾಕರಿನಲ್ಲಿಟ್ಟಿದ್ದರೆ ಎರಡು ಮೂರು ತಿಂಗಳಿಗೊಮ್ಮೆ ತಂದು, ಒಂದು ದಿನ ಹಾಕಿಕೊಂಡು, ಒರೆಸಿ ವಾಪಸ್ ಇಡಿ.

## ಹಂತ 9: ದಾರದ ಪರೀಕ್ಷೆ ಮತ್ತು ಮತ್ತೆ ಪೋಣಿಸುವುದು

ಮುತ್ತು ತಲೆಮಾರು ಬಾಳಬಹುದು, ದಾರ ಬಾಳುವುದಿಲ್ಲ. ದಿನಾ ಹಾಕಿಕೊಳ್ಳುವ ಸರವನ್ನು ವರ್ಷಕ್ಕೊಮ್ಮೆ ಪೋಣಿಸಿ. ಆಗೊಮ್ಮೆ ಈಗೊಮ್ಮೆ ಹಾಕುವುದಾದರೆ ಎರಡು ಮೂರು ವರ್ಷಕ್ಕೊಮ್ಮೆ. ಕಿತ್ತುಹೋದ ಮೇಲೆ ನೋಡೋಣ ಅನ್ನಬೇಡಿ.

ತಿಂಗಳಿಗೊಮ್ಮೆ ಹೀಗೆ ನೋಡಿ. ಸರವನ್ನು ಬಿಳಿ ಬಟ್ಟೆಯ ಮೇಲೆ ಹರಡಿ. ಒಂದು ಮುತ್ತನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿ. ಹೊಸ ದಾರದಲ್ಲಿ ಗಂಟು ಮುತ್ತಿಗೆ ಅಂಟಿಕೊಂಡಂತೆ ಕೂತಿರುತ್ತದೆ, ಮುತ್ತು ಅಲುಗುವುದಿಲ್ಲ. ಹಳೆಯದಾದಂತೆ ಗಂಟಿಗೂ ಮುತ್ತಿಗೂ ನಡುವೆ ದಾರ ಇಣುಕುತ್ತದೆ. ಮೊದಲು ಕೂದಲೆಳೆಯಷ್ಟು, ಆಮೇಲೆ ಅಕ್ಕಿನುಚ್ಚಿನಷ್ಟು. ನುಚ್ಚಿನಷ್ಟು ಕಂಡ ದಿನವೇ ಹಾಕಿಕೊಳ್ಳುವುದು ನಿಲ್ಲಿಸಿ. ಕೊಂಡಿಯ ಹತ್ತಿರ ದಾರ ಕಂದುಬಣ್ಣಕ್ಕೆ ತಿರುಗಿದ್ದರೆ, ನೂಲು ಎದ್ದು ಜೂಲಾಗಿದ್ದರೆ, ಸರ ಮೊದಲಿಗಿಂತ ಕೆಳಗೆ ಇಳಿದಿದ್ದರೆ, ಅವೂ ಅದೇ ಎಚ್ಚರಿಕೆ.

ಪೋಣಿಸಲು ಕೊಡುವ ಮುಂಚೆ ಮುತ್ತು ಎಣಿಸಿ ಪುಸ್ತಕದಲ್ಲಿ ಬರೆಯಿರಿ. ಸರವನ್ನು ನೇರವಾಗಿಟ್ಟು ಫೋಟೋ ತೆಗೆಯಿರಿ. ಸಾಧ್ಯವಾದರೆ ಅಲ್ಲೇ ಕೂತು ಮಾಡಿಸಿಕೊಳ್ಳಿ. ಕೈಪಳಗಿದವರು ಪ್ರತಿ ಮುತ್ತಿನ ನಂತರ ಗಂಟು ಹಾಕಿ, ಅದು ಬಿಗಿಯುವ ಮುಂಚೆ ಸೂಜಿಯ ಮೊನೆಯಿಂದ ಅದನ್ನು ಮುತ್ತಿನ ಬಾಯಿಗೆ ತಳ್ಳಿ, ಆಮೇಲೆ ಎಳೆಯುತ್ತಾರೆ. ನೋಡುವುದಕ್ಕೇ ಚೆಂದ. ಆ ತಳ್ಳುವ ಕೆಲಸ ಇಲ್ಲದೆ ಬರೀ ಗಂಟು ಹಾಕುತ್ತಾ ಹೋದರೆ ಸರ ಮೊದಲ ದಿನವೇ ಸಡಿಲ.

ಅಂಗಡಿಯಲ್ಲಿ ಹೀಗೆ ಕೇಳಿ: "ಅಣ್ಣಾ, ಮುತ್ತಿಗೂ ಮುತ್ತಿಗೂ ನಡುವೆ ಗಂಟು ಬರಲಿ. ರೇಷ್ಮೆ ದಾರ ಹಾಕಿ. ಕೊಂಡಿ ಹತ್ತಿರ ದಾರದ ಮೇಲೆ ಸುರುಳಿ ತಂತಿ ಹಾಕಿ." ಮಧ್ಯೆ ಗಂಟಿದ್ದರೆ ಎರಡು ಲಾಭ. ದಾರ ಕಿತ್ತರೂ ಒಂದು ಮುತ್ತು ಬೀಳಬಹುದು, ಉಳಿದವು ನಿಲ್ಲುತ್ತವೆ. ಮುತ್ತು ಮುತ್ತಿಗೆ ಉಜ್ಜುವುದೂ ಇಲ್ಲ. ಸುರುಳಿ ತಂತಿ ಕೊಂಡಿಯ ಲೋಹದಿಂದ ದಾರವನ್ನು ಕಾಪಾಡುತ್ತದೆ. ಗಂಟುಗಳಿಂದ ಸರ ಸ್ವಲ್ಪ ಉದ್ದವಾಗುತ್ತದೆ, ಇದನ್ನು ಮೊದಲೇ ಮಾತಾಡಿಕೊಳ್ಳಿ. ಸಾಸಿವೆಯಷ್ಟು ಚಿಕ್ಕ ಮುತ್ತುಗಳಿಗೆ ಪ್ರತಿಯೊಂದಕ್ಕೂ ಗಂಟು ಆಗುವುದಿಲ್ಲ, ಐದಾರು ಮುತ್ತಿಗೊಂದು ಹಾಕಿಸಿ.

ನಮ್ಮ ಶಿಡ್ಲಘಟ್ಟದಲ್ಲೇ ರೇಷ್ಮೆ ಸಿಗುತ್ತದಲ್ಲ, ಅದನ್ನೇ ತಂದು ಪೋಣಿಸಬಹುದಾ ಅಂತ ಕೇಳಬಹುದು. ಗೂಡಿನಿಂದ ಬಿಚ್ಚಿದ ಕಚ್ಚಾ ರೇಷ್ಮೆ ಹಾಗೇ ಬರುವುದಿಲ್ಲ. ಅದರ ಮೇಲೆ ಗೂಡಿನ ಅಂಟು ಇರುತ್ತದೆ, ಎಳೆಯೂ ಬಹಳ ಸಣ್ಣ. ಅಂಟು ತೆಗೆದು, ಹಲವು ಎಳೆ ಸೇರಿಸಿ ಹುರಿ ಮಾಡಿದ ದಾರವೇ ಬೇಕು. ಹೊಲಿಗೆ ನೂಲೂ ಬೇಡ, ಬೆವರಿಗೆ ಬೇಗ ಕೊಳೆಯುತ್ತದೆ. ಪಾರದರ್ಶಕ ನೈಲಾನ್ ದಾರ ಗಟ್ಟಿ ನಿಜ, ಆದರೆ ಸರ ತಂತಿಯಂತೆ ಸೆಟೆದು ನಿಲ್ಲುತ್ತದೆ, ಗಂಟೂ ಜಾರುತ್ತದೆ.

### ದಾರಿಯಲ್ಲಿ ಕಿತ್ತುಹೋದರೆ

ಗಾಬರಿಯಲ್ಲಿ ಸರವನ್ನು ಎಳೆಯಬೇಡಿ. ಒಂದು ಕೈಯಿಂದ ಎರಡೂ ತುದಿ ಒಟ್ಟಿಗೆ ಎದೆಗೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಸೆರಗು ಅಥವಾ ದುಪಟ್ಟಾವನ್ನು ಕೆಳಗೆ ಹಿಡಿಯಿರಿ. ಬಸ್ಸು ರೈಲಿನಲ್ಲಾದರೆ ಎದ್ದು ನಿಲ್ಲುವ ಮೊದಲು ಮಡಿಲು ನೋಡಿ. ಸಿಕ್ಕಿದ್ದನ್ನೆಲ್ಲ ಕರವಸ್ತ್ರದಲ್ಲಿ ಗಂಟು ಕಟ್ಟಿ. ಮನೆಗೆ ಬಂದು ಎಣಿಸಿ, ಪುಸ್ತಕದ ಲೆಕ್ಕಕ್ಕೆ ಹೋಲಿಸಿ. ನೆಲಕ್ಕೆ ಬಿದ್ದ ಮುತ್ತನ್ನು ಒದ್ದೆ ಬಟ್ಟೆಯಿಂದ ಒರೆಸಿಯೇ ಉಳಿದವುಗಳ ಜೊತೆ ಸೇರಿಸಿ.

## ಹಂತ 10: ಅಕ್ಕಸಾಲಿಗರಿಗೆ ಕೊಡುವಾಗ

ಮುತ್ತು ಇರುವ ಚಿನ್ನದ ಒಡವೆಗೆ ಬೆಸುಗೆ, ಪಾಲಿಶ್ ಏನೇ ಮಾಡಿಸಿದರೂ ಮುತ್ತನ್ನು ಮೊದಲು ಬಿಡಿಸಲು ಹೇಳಿ. ಬೆಸುಗೆಯ ಉರಿ ಮುತ್ತನ್ನು ಸುಡುತ್ತದೆ. ಚಿನ್ನವನ್ನು ಅದ್ದುವ ಆಸಿಡ್ ಮುತ್ತನ್ನು ತಿನ್ನುತ್ತದೆ. "ಮುತ್ತು ತೆಗೆದು ಮಾಡಿ, ಆಮೇಲೆ ಕೂರಿಸಿ" ಅಂತ ಚೀಟಿಯ ಮೇಲೂ ಬರೆಸಿ.

ಓಲೆ, ಜುಮುಕಿ, ಮೂಗುಬೊಟ್ಟಿನ ಮುತ್ತಿಗೆ ಸಾಮಾನ್ಯವಾಗಿ ಅರ್ಧ ತೂತು ಹಾಕಿ, ಸಣ್ಣ ಕಡ್ಡಿಗೆ ಅಂಟಿನಿಂದ ಕೂರಿಸಿರುತ್ತಾರೆ. ಬೆರಳಲ್ಲಿ ಮೆಲ್ಲಗೆ ತಿರುಗಿಸಿ ನೋಡಿ. ಮುತ್ತು ಕಡ್ಡಿಯ ಮೇಲೆ ತಿರುಗಿದರೆ ಅಂಟು ಬಿಟ್ಟಿದೆ ಅಂತ ಅರ್ಥ, ಅವತ್ತೇ ತೆಗೆದಿಡಿ. ಮನೆಯಲ್ಲಿ ಫೆವಿಕ್ವಿಕ್ ಹಾಕಬೇಡಿ. ಅದು ಹೊರಕ್ಕೆ ಹರಿದು ಮುತ್ತಿನ ಮೇಲೆ ಕಲೆ ಮಾಡುತ್ತದೆ, ಆಮೇಲೆ ಅಕ್ಕಸಾಲಿಗರಿಗೂ ಬಿಡಿಸುವುದು ಕಷ್ಟ. ಓಲೆಯ ತಿರುಪು ಸಡಿಲ ಇದ್ದರೆ ಅದನ್ನೂ ಇದೇ ಸಲ ಬದಲಾಯಿಸಿ.

## ಈಗಾಗಲೇ ಮಂಕಾಗಿದ್ದರೆ?

ಮೊದಲು ಹಂತ 6ರಂತೆ ಒಮ್ಮೆ ತೊಳೆದು, ಪೂರ್ತಿ ಒಣಗಿದ ಮೇಲೆ ಬೆಳಗಿನ ಬೆಳಕಿನಲ್ಲಿ ನೋಡಿ. ಜಿಡ್ಡು, ಬೆವರಿನ ಪೊರೆಯಿಂದ ಮಂಕಾಗಿದ್ದರೆ ಹೊಳಪು ಮರಳುತ್ತದೆ. ತೊಳೆದ ಮೇಲೂ ಮುಟ್ಟಿದರೆ ಒರಟು, ನೋಡಿದರೆ ಸುಣ್ಣದ ಬಿಳುಪು ಅಂದರೆ ಮೇಲಿನ ಪದರವೇ ಹೋಗಿದೆ. ಅದನ್ನು ಯಾವ ಪಾಲಿಶೂ ಮೊದಲಿನಂತೆ ಮಾಡುವುದಿಲ್ಲ. ಮಾಡುತ್ತೇವೆ ಅನ್ನುವವರಿಗೆ ದುಡ್ಡು ಕೊಡಬೇಡಿ. ಹಳೆಯ ಮುತ್ತು ನಸು ಹಳದಿಗೆ ತಿರುಗುವುದು ಬೇರೆ ವಿಷಯ. ಹೊಳಪಿದ್ದರೆ ಅದು ಕೆಟ್ಟಿಲ್ಲ, ವಯಸ್ಸಿನ ಬಣ್ಣ ಅಷ್ಟೇ.

ಸರದಲ್ಲಿ ಕೆಲವು ಮಾತ್ರ ಕೆಟ್ಟಿದ್ದರೆ, ಮತ್ತೆ ಪೋಣಿಸುವಾಗ ಅವನ್ನು ಕೊಂಡಿಯ ಹತ್ತಿರಕ್ಕೆ ಹಾಕಿಸಿ, ಚೆನ್ನಾಗಿರುವುದನ್ನು ಮುಂದಕ್ಕೆ ತನ್ನಿ. ತೀರಾ ಕೆಟ್ಟದ್ದಕ್ಕೆ ಬದಲಿ ಬೇಕಾದರೆ ಫೋನಿನಲ್ಲಿ ಅಳತೆ ಹೇಳಿ ತರಿಸಬೇಡಿ. ಸರವನ್ನೇ ಅಂಗಡಿಗೆ ಒಯ್ಯಿರಿ. ಮುತ್ತಿನ ಬಿಳುಪಿನಲ್ಲೇ ಗುಲಾಬಿ ಛಾಯೆ, ಹಾಲಿನ ಛಾಯೆ, ಬೂದಿ ಛಾಯೆ ಅಂತ ಇರುತ್ತದೆ, ಅಂಗಡಿಯ ದೀಪದಲ್ಲಿ ಎಲ್ಲ ಒಂದೇ ಥರ ಕಾಣುತ್ತವೆ. ಬಾಗಿಲ ಹೊರಗೆ ಹಗಲಿನಲ್ಲಿ, ಬಿಳಿ ಕಾಗದದ ಮೇಲೆ ಹಳೆಯದರ ಪಕ್ಕದಲ್ಲಿಟ್ಟು ಹೊಂದಿದರೆ ಮಾತ್ರ ತೆಗೆದುಕೊಳ್ಳಿ. ಅವತ್ತೇ ಒಂದೆರಡು ಜಾಸ್ತಿ ತಂದು ಚೀಲದಲ್ಲಿಟ್ಟಿರಿ, ಅದೇ ಛಾಯೆ, ಅದೇ ಗಾತ್ರ ಮುಂದಿನ ವರ್ಷ ಸಿಗುವುದು ಕಷ್ಟ.